ನಿಮ್ಮ ಮನೆಯಲ್ಲಿ ಹುಟ್ಟುವ ಕರೆಂಟು ಲೈನ್‌ಮನ್‌ಗೆ ಗೊತ್ತಿದೆಯೇ?

ಮಳೆಗಾಲದ ಗಾಳಿಗೆ ಮರದ ಕೊಂಬೆ ಮುರಿದು ತಂತಿಯ ಮೇಲೆ ಬಿದ್ದು ಊರಿಗೆ ಊರೇ ಕತ್ತಲಾಗುವುದು ಮಲೆನಾಡಿನ ವಾಚಕರಿಗೆ ಹೊಸ ಸಂಗತಿಯಲ್ಲ. ಹಿಂದೆ ಅಂಥ ರಾತ್ರಿಗಳಲ್ಲಿ ಸೀಮೆಎಣ್ಣೆ ಬುಡ್ಡಿ ಹಚ್ಚಿಕೊಂಡು ಕೂರುತ್ತಿದ್ದೆವು. ಈಗ ಹಾಗಲ್ಲ. ಒಂದು ಮನೆಯ ಕೊಟ್ಟಿಗೆಯ ಹಿಂದೆ ಡೀಸೆಲ್ ಜನರೇಟರು ಗುಡುಗುಡಿಸುತ್ತದೆ. ಇನ್ನೊಂದು ಮನೆಯಲ್ಲಿ ಇನ್ವರ್ಟರು ಇದೆ. ಮತ್ತೊಬ್ಬರು ಅಂಗಳದ ಚಪ್ಪರದ ಮೇಲೆ ಸೌರ ಫಲಕ ಹಾಕಿಸಿದ್ದಾರೆ. ಗುಡ್ಡದ ಬುಡದಲ್ಲಿರುವವರು ತೋಟದೊಳಗೆ ಹರಿಯುವ ಹಳ್ಳಕ್ಕೆ ಪೈಪು ಹಾಕಿ ಸಣ್ಣ ಟರ್ಬೈನು ತಿರುಗಿಸುತ್ತಾರೆ. ಟ್ರ್ಯಾಕ್ಟರಿನ ಪಿ.ಟಿ.ಓ.ಗೆ ಆಲ್ಟರ್ನೇಟರು ಜೋಡಿಸಿ ಅಡಿಕೆ ಸುಲಿಯುವ ಯಂತ್ರ ಓಡಿಸುವವರೂ ಇದ್ದಾರೆ. ಕರೆಂಟು ಕೊಳ್ಳುವವರಷ್ಟೇ ಆಗಿದ್ದ ರೈತರು ಇಂದು ಕರೆಂಟು ತಯಾರಿಸುವವರೂ ಆಗಿದ್ದಾರೆ.

ಸಂತೋಷದ ವಿಷಯವೇ. ಆದರೆ ತಯಾರಿಸುವವರಿಗೆ ಅದನ್ನು ಸಂಬಂಧಪಟ್ಟವರಿಗೆ ತಿಳಿಸುವ ಹೊಣೆಯೂ ಇದೆ ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. ಗೊತ್ತಿರುವವರೂ ಸುಮ್ಮನಿರುತ್ತಾರೆ. ನಾನು ಓದಿದ್ದು ಬೇಸಾಯ ಶಾಸ್ತ್ರ. ವಿದ್ಯುತ್ತು ನಮ್ಮ ಇಲಾಖೆಗೆ ಸೇರಿದ್ದಲ್ಲ. ಹಾಗಿದ್ದೂ ಈ ಲೇಖನ ಬರೆಯಲು ಒಂದು ಕಾರಣವಿದೆ.

ಒಂದು ರಾತ್ರಿಯ ಕಥೆ

ಕೆಲವು ವರ್ಷಗಳ ಹಿಂದೆ ಆಷಾಢದಲ್ಲಿ, ಅಡಿಕೆಯ ಕೊಳೆರೋಗ ನೋಡಲೆಂದು ನಮ್ಮ ಹೋಬಳಿಯ ಒಂದು ಹಳ್ಳಿಗೆ ಬೆಳಿಗ್ಗೆ ಹೋಗಿದ್ದೆ. ಬೋರ್ಡೊ ದ್ರಾವಣದ ಮಾತಿಗಿಂತ ಮೊದಲು ಹಿಂದಿನ ರಾತ್ರಿಯ ಸುದ್ದಿ ಕಿವಿಗೆ ಬಿತ್ತು. ಗಾಳಿಗೆ ಎಲ್.ಟಿ. ಲೈನು ತುಂಡಾಗಿತ್ತು. ಲೈನ್‌ಮನ್ ಕ್ರಮಪ್ರಕಾರವೇ ಸಬ್‌ಸ್ಟೇಷನ್ನಿಗೆ ಫೋನು ಮಾಡಿ ಲೈನ್ ಕ್ಲಿಯರ್ ತೆಗೆದುಕೊಂಡು, ಟಿ.ಸಿ. ಬಳಿ ಜಿ.ಓ.ಎಸ್. ಸ್ವಿಚ್ಚನ್ನೂ ಇಳಿಸಿ, ಟಾರ್ಚು ಹಿಡಿದು ಕಂಬದ ಹತ್ತಿರ ಬಂದಿದ್ದರು. ಎರಡು ಕಡೆಯಿಂದಲೂ ಕರೆಂಟು ತೆಗೆದಾಗಿದೆ, ಲೈನು ಸತ್ತಿದೆ ಎಂದು ಯಾರಾದರೂ ನಂಬುವಂಥ ಸ್ಥಿತಿ. ಆದರೂ ಅಭ್ಯಾಸ ಬಲದಿಂದ ಅವರು ಮೊದಲು ಡಿಸ್ಚಾರ್ಜ್ ರಾಡನ್ನು ತಂತಿಗೆ ಮುಟ್ಟಿಸಿದರು. ಬೆಂಕಿಯ ಕಿಡಿ ಹಾರಿತು. ಅದೇ ಗಳಿಗೆಗೆ ತೋಟದಾಚೆಯ ಮನೆಯ ಜನರೇಟರು ಕೆಮ್ಮಿ ಕೆಮ್ಮಿ ನಿಂತುಹೋಯಿತು.

ಆದದ್ದು ಇಷ್ಟು. ಆ ಮನೆಯವರು ಎರಡೂ ತುದಿಗೆ ಪ್ಲಗ್ ಇರುವ ಒಂದು ವಯರು ಮಾಡಿಸಿಟ್ಟುಕೊಂಡಿದ್ದರು. ಒಂದು ತುದಿ ಜನರೇಟರಿಗೆ, ಇನ್ನೊಂದು ತುದಿ ಗೋಡೆಯ ಸಾಕೆಟ್ಟಿಗೆ. ದಿನವೂ ಮೇನ್ ಸ್ವಿಚ್ಚು ಆರಿಸಿಯೇ ಜನರೇಟರು ಹಾಕುತ್ತಿದ್ದರು. ಆ ದಿನ ಯಜಮಾನರು ಊರಲ್ಲಿರಲಿಲ್ಲ. ಹಾಲು ಕರೆಯುವ ಯಂತ್ರಕ್ಕೆ ಕರೆಂಟು ಬೇಕೆಂದು ಮನೆಯ ಹುಡುಗ ಜನರೇಟರು ಹಾಕಿದ್ದ. ಮೇನ್ ಸ್ವಿಚ್ಚು ಹಾಗೇ ಇತ್ತು. ಕರೆಂಟು ಮನೆಯ ದೀಪಕ್ಕೂ ಹೋಯಿತು, ಮೀಟರು ದಾಟಿ ಕಂಬಕ್ಕೂ ಹೋಯಿತು.

ರಾಡು ಮುಟ್ಟಿಸದೆ ಕೈ ಹಾಕಿದ್ದರೆ ಏನಾಗುತ್ತಿತ್ತು ಎಂಬುದನ್ನು ಬರೆಯಬೇಕಾಗಿಲ್ಲ. ಆ ಲೈನ್‌ಮನ್‌ಗೆ ಇಬ್ಬರು ಚಿಕ್ಕ ಮಕ್ಕಳು. ಮಾರನೆಯ ದಿನ ಊರಿಗೆ ಮರಳಿದ ಯಜಮಾನರ ಮುಖ ನಾನು ನೋಡಿದ್ದೇನೆ. 'ನಮ್ಮಲ್ಲಿ ಜನರೇಟರ್ ಉಂಟು ಅಂತ ಒಂದು ಮಾತು ಹೇಳಿದ್ದರೆ ಸಾಕಿತ್ತು ಸಾರ್, ಅವನು ಮೊದಲು ನಮ್ಮ ಮನೆಗೇ ಬರ್ತಿದ್ದ' ಎಂದರು. ಸರ್ಕಾರದ ವರದಿ, ಅರ್ಜಿ, ನಮೂನೆಗಳ ವಿಷಯವನ್ನು ನೀವು ಹೇಗೆ ತೆಗೆದುಕೊಂಡರೂ ಸರಿ, ಅವರ ಈ ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದೆ ಓದಿ.

ಟಿ.ಸಿ.ಗೆ ದಿಕ್ಕು ತಿಳಿಯದು

ಊರಿನ ಟಿ.ಸಿ. 11,000 ವೋಲ್ಟನ್ನು 433 ವೋಲ್ಟಿಗೆ ಇಳಿಸುತ್ತದೆ ಎಂಬುದು ನಿಮಗೆ ಗೊತ್ತು. ಆದರೆ ಕೆಳಗಿನಿಂದ ಕರೆಂಟು ಬಂದರೆ ಅದೇ ಟಿ.ಸಿ. ಅದನ್ನು ಅದೇ ಲೆಕ್ಕದಲ್ಲಿ ಮೇಲಕ್ಕೆ ಏರಿಸುತ್ತದೆ. ಮನೆಯ 230 ವೋಲ್ಟು ಹಿಂದಿನಿಂದ ನುಗ್ಗಿದರೆ ಮೇಲಿನ ತಂತಿಯಲ್ಲಿ ಸಾವಿರಾರು ವೋಲ್ಟು ಎದ್ದು ನಿಲ್ಲುತ್ತದೆ.

'ಹಾಗೆ ಹೋದರೆ ಊರಿನವರ ದೀಪವೆಲ್ಲ ಉರಿದು ನನ್ನ ಸಣ್ಣ ಜನರೇಟರು ಭಾರ ತಾಳಲಾರದೆ ನಿಂತೇ ಹೋಗುತ್ತದಲ್ಲ' ಎಂದು ಕೆಲವರು ವಾದಿಸುತ್ತಾರೆ. ಬಹಳ ಸಲ ಹಾಗೇ ಆಗುತ್ತದೆ, ನಿಜ. ಆದರೆ ನಿಮ್ಮ ಮನೆಯ ಹತ್ತಿರವೇ ತಂತಿ ತುಂಡಾಗಿದ್ದರೆ, ಆ ತುಂಡಿನ ಮೇಲೆ ಬೇರೆ ಮನೆಗಳೇ ಇಲ್ಲದಿದ್ದರೆ, ಜನರೇಟರಿಗೆ ಭಾರವೇ ಬೀಳುವುದಿಲ್ಲ. ಅದು ಆರಾಮವಾಗಿ ಓಡುತ್ತಾ ತುಂಡು ತಂತಿಯನ್ನು ಜೀವಂತವಾಗಿ ಇಟ್ಟಿರುತ್ತದೆ. ಲೈನ್‌ಮನ್ ರಿಪೇರಿಗೆಂದು ಬರುವುದು ಅಂಥ ತಂತಿಗೇ.

ಇದಕ್ಕೆ ಮದ್ದು ಚೇಂಜ್ ಓವರ್ ಸ್ವಿಚ್ಚು. ಹಿಡಿಯನ್ನು ಒಂದು ಕಡೆಗೆ ತಿರುಗಿಸಿದರೆ ಲೈನಿನ ಕರೆಂಟು, ಇನ್ನೊಂದು ಕಡೆಗೆ ತಿರುಗಿಸಿದರೆ ಜನರೇಟರಿನ ಕರೆಂಟು. ಎರಡೂ ಒಟ್ಟಿಗೆ ಸೇರುವ ಮಾತೇ ಇಲ್ಲ. ಹುಡುಗರು ಮರೆತರೂ ಸ್ವಿಚ್ಚು ಮರೆಯುವುದಿಲ್ಲ. ಕೊಳ್ಳುವಾಗ ಒಂದು ಎಚ್ಚರಿಕೆ ಬೇಕು. ಫೇಸ್ ಮಾತ್ರವಲ್ಲ, ನ್ಯೂಟ್ರಲ್ ತಂತಿಯನ್ನೂ ಕತ್ತರಿಸುವಂಥದ್ದಾಗಿರಬೇಕು. ಸಿಂಗಲ್ ಫೇಸಿಗೆ ಎರಡು ಪೋಲು, ತ್ರೀ ಫೇಸಿಗೆ ನಾಲ್ಕು ಪೋಲು. ಜನರೇಟರಿನ ಕವಚಕ್ಕೆ ಎರಡು ಪ್ರತ್ಯೇಕ ಅರ್ತಿಂಗ್ ಇರತಕ್ಕದ್ದು. ಎರಡು ತುದಿಯ ಪ್ಲಗ್ಗಿನ ವಯರು ನಿಮ್ಮ ಮನೆಯಲ್ಲಿದ್ದರೆ ಇಂದೇ ಕತ್ತರಿಸಿ ಹಾಕಿ. ಅದರ ಒಂದು ತುದಿ ಸಾಕೆಟ್ಟಿನಿಂದ ಕಳಚಿ ಬಿದ್ದರೆ ಬರಿಯ ಪಿನ್ನುಗಳಲ್ಲೇ ಕರೆಂಟಿರುತ್ತದೆ. ಮಕ್ಕಳಿರುವ ಮನೆಗೆ ಹಾವಿನಷ್ಟೇ ಅಪಾಯ ಅದು.

ಲೈಸೆನ್ಸು ಬೇಡ, ತಿಳಿಸುವುದು ಬೇಕು

'ಮಾರಾಯ್ರೆ, ಬರೆದು ಕೊಟ್ಟರೆ ನಾಳೆ ಲೈಸೆನ್ಸ್ ಕೇಳ್ತಾರೆ, ನಾಡಿದ್ದು ಟ್ಯಾಕ್ಸ್ ಹಾಕ್ತಾರೆ' ಎಂಬ ಮಾತನ್ನು ಹಳ್ಳಿ ಹಳ್ಳಿಯಲ್ಲೂ ಕೇಳಿದ್ದೇನೆ. ಈ ಭಯ ಸುಮ್ಮನೆ ಹುಟ್ಟಿದ್ದಲ್ಲ. 1948ರ ವಿದ್ಯುಚ್ಛಕ್ತಿ ಸರಬರಾಜು ಕಾಯಿದೆಯ 44ನೆಯ ಕಲಮಿನ ಪ್ರಕಾರ, ಹೊಸದಾಗಿ ವಿದ್ಯುತ್ ಉತ್ಪಾದನಾ ಕೇಂದ್ರ ಸ್ಥಾಪಿಸಬೇಕಾದರೆ ವಿದ್ಯುಚ್ಛಕ್ತಿ ಮಂಡಲಿಯ ಲಿಖಿತ ಒಪ್ಪಿಗೆ ಮೊದಲೇ ಪಡೆಯಬೇಕಾಗಿತ್ತು. ನಮ್ಮ ಹಿರಿಯರ ಕಾಲದಲ್ಲಿ ಅಕ್ಕಿ ಗಿರಣಿಗೆ ಒಂದು ಜನರೇಟರು ತರಿಸಬೇಕಾದರೆ ಕಚೇರಿಗಳಿಗೆ ಅಲೆದ ನೆನಪು ಇನ್ನೂ ಮಾಸಿಲ್ಲ.

ಆ ಕಾಲ ಮುಗಿಯಿತು. 2003ರ ಜೂನ್ 10ರಂದು ಜಾರಿಗೆ ಬಂದ ವಿದ್ಯುಚ್ಛಕ್ತಿ ಕಾಯಿದೆಯು ವಿದ್ಯುತ್ ಉತ್ಪಾದನೆಗೆ ಲೈಸೆನ್ಸಿನ ಅಗತ್ಯವನ್ನೇ ತೆಗೆದುಹಾಕಿತು. ಸ್ವಂತ ಬಳಕೆಗೆ ಯಾರು ಬೇಕಾದರೂ ವಿದ್ಯುತ್ ತಯಾರಿಸಿಕೊಳ್ಳಬಹುದು. ಸರ್ಕಾರಕ್ಕೆ ಬೇಕಾಗಿರುವುದು ಎರಡೇ: ಅದು ಸುರಕ್ಷಿತವಾಗಿರಬೇಕು, ಮತ್ತು ಅದು ಇದೆ ಎಂಬುದು ತಿಳಿದಿರಬೇಕು.

ಇನ್ನು ತೆರಿಗೆ. ಈ ಭಯಕ್ಕೆ ಆಧಾರವೇ ಇಲ್ಲ ಎಂದರೆ ಸುಳ್ಳು ಹೇಳಿದಂತಾಗುತ್ತದೆ. ವಿದ್ಯುತ್ತಿನ ಬಳಕೆ ಮತ್ತು ಮಾರಾಟದ ಮೇಲೆ ತೆರಿಗೆ ವಿಧಿಸುವ ಕರ್ನಾಟಕದ ಕಾಯಿದೆ 1959ರಿಂದಲೂ ಇದೆ. ತಾನೇ ತಯಾರಿಸಿ ತಾನೇ ಬಳಸುವ ವಿದ್ಯುತ್ತೂ ಅದರ ವ್ಯಾಪ್ತಿಗೆ ಬರುತ್ತದೆ. ಕಾರ್ಖಾನೆ, ದೊಡ್ಡ ಗಿರಣಿಗಳು ಜನರೇಟರಿಗೆ ಮೀಟರು ಹಾಕಿಸಿ, ತಯಾರಾದ ಯೂನಿಟ್ಟುಗಳ ಲೆಕ್ಕವನ್ನು ವಿದ್ಯುತ್ ಪರಿವೀಕ್ಷಣಾಲಯಕ್ಕೆ ಒಪ್ಪಿಸುವುದು ಇದರಿಂದಲೇ. ದರ ಮತ್ತು ವಿನಾಯಿತಿಗಳು ಸರ್ಕಾರದ ಆದೇಶಗಳಿಂದ ಕಾಲಕಾಲಕ್ಕೆ ಬದಲಾಗುತ್ತವೆ. ಆದ್ದರಿಂದ ಗಿರಣಿ, ಐಸ್ ಕಾರ್ಖಾನೆ, ಅಡಿಕೆ ಸಂಸ್ಕರಣಾ ಘಟಕ ಇಟ್ಟಿರುವವರು ಜಿಲ್ಲೆಯ ಪರಿವೀಕ್ಷಣಾಲಯದಲ್ಲಿ ಜಾರಿಯಲ್ಲಿರುವ ಆದೇಶವನ್ನು ಕೇಳಿ ಪಡೆಯುವುದು ಸೂಕ್ತ. ಮಳೆಗಾಲದಲ್ಲಿ ನಾಲ್ಕು ದೀಪ, ಒಂದು ಮಿಕ್ಸಿ ಓಡಿಸುವ ಮನೆಯ ಜನರೇಟರನ್ನು ಹುಡುಕಿಕೊಂಡು ಬಂದು ತೆರಿಗೆ ಕೇಳಿದ್ದನ್ನು ನನ್ನ ಸೇವಾವಧಿಯಲ್ಲಿ ಒಮ್ಮೆಯೂ ನೋಡಿಲ್ಲ.

ಯಾರಿಗೆ ತಿಳಿಸಬೇಕು

ಜನರೇಟರಿನ ವಿಷಯದಲ್ಲಿ ಇಬ್ಬರಿಗೆ. ಮೊದಲನೆಯದು ನಿಮಗೆ ಕರೆಂಟು ಕೊಡುವ ಎಸ್ಕಾಂನ ಶಾಖಾ ಕಚೇರಿ. ಎರಡನೆಯದು ವಿದ್ಯುತ್ ಪರಿವೀಕ್ಷಕರು. ಇವರು ಎಸ್ಕಾಂನ ನೌಕರರಲ್ಲ, ರಾಜ್ಯ ಸರ್ಕಾರದವರು. ಈ ವ್ಯತ್ಯಾಸ ನೆನಪಿರಲಿ.

1956ರ ಭಾರತೀಯ ವಿದ್ಯುಚ್ಛಕ್ತಿ ನಿಯಮಗಳಲ್ಲಿ ಇದು ಬಹಳ ಸ್ಪಷ್ಟವಾಗಿತ್ತು. ಜನರೇಟರು ಚಾಲೂ ಮಾಡುವ 30 ದಿನ ಮೊದಲು ಸರಬರಾಜುದಾರರಿಗೂ ಪರಿವೀಕ್ಷಕರಿಗೂ ನೋಟೀಸು ಕೊಡಬೇಕು. 10 ಕಿಲೋವ್ಯಾಟ್ ಮೀರಿದ್ದಾದರೆ ಪರಿವೀಕ್ಷಕರ ಲಿಖಿತ ಒಪ್ಪಿಗೆ ಇಲ್ಲದೆ ಚಾಲೂ ಮಾಡಕೂಡದು. 2010ರಲ್ಲಿ ಆ ನಿಯಮಗಳ ಜಾಗಕ್ಕೆ ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ವಿನಿಯಮಗಳು ಬಂದವು. 2023ರಲ್ಲಿ ಅವನ್ನೂ ಹೊಸದಾಗಿ ಹೊರಡಿಸಿದರು. 2010ರಿಂದ ಈಚೆಗೆ ಒಂದು ಬದಲಾವಣೆ ಆಗಿದೆ. ಎಷ್ಟು ಸಾಮರ್ಥ್ಯದ ಮೇಲಿನದಕ್ಕೆ ಪರಿವೀಕ್ಷಕರ ತಪಾಸಣೆ ಬೇಕು ಎಂಬ ಗೆರೆಯನ್ನು ಸರ್ಕಾರ ಅಧಿಸೂಚನೆಯ ಮೂಲಕ ಎಳೆಯುತ್ತದೆ. ಅಂಗಡಿಯವರ ಮಾತನ್ನೇ ನಂಬಿ ಕೂರಬೇಡಿ. ಜನರೇಟರು ಕೊಳ್ಳುವ ಮೊದಲು ಪರಿವೀಕ್ಷಣಾಲಯದಲ್ಲಿ ವಿಚಾರಿಸಿ. ಸಾಮರ್ಥ್ಯ ಚಿಕ್ಕದಾಗಿ ತಪಾಸಣೆ ಬೇಡವೆಂದಾದರೂ, ಶಾಖಾ ಕಚೇರಿಗೆ ಒಂದು ಪತ್ರ ಬರೆದುಕೊಡುವುದನ್ನು ಬಿಡಬೇಡಿ.

ವೈರಿಂಗ್ ಕೆಲಸವನ್ನು ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರಿಂದಲೇ ಮಾಡಿಸಿ, ಅವರಿಂದ ಕೆಲಸ ಮುಗಿಸಿದ ವರದಿ ಪಡೆಯಿರಿ. ಆ ಒಂದು ಹಾಳೆ ಇಲ್ಲದಿದ್ದರೆ ಮುಂದೆ ಯಾವ ಅರ್ಜಿಯೂ ಮೇಜಿನಿಂದ ಮೇಜಿಗೆ ಚಲಿಸುವುದಿಲ್ಲ. ಡೀಸೆಲ್ ಜನರೇಟರು ಕೊಳ್ಳುವವರು ಶಬ್ದದ ನಿಯಮವನ್ನೂ ಗಮನಿಸಬೇಕು. 1000 ಕೆ.ವಿ.ಎ.ವರೆಗಿನ ಜನರೇಟರುಗಳಿಗೆ ಶಬ್ದ ತಡೆಯುವ ಪೆಟ್ಟಿಗೆ ಇದ್ದು, ಒಂದು ಮೀಟರ್ ದೂರದಲ್ಲಿ 75 ಡೆಸಿಬೆಲ್ ಮೀರಬಾರದು. ಈ ಹೊಣೆ ತಯಾರಕರದು. ನೀವು ಮಾಡಬೇಕಾದದ್ದು ಪ್ರಮಾಣಪತ್ರದ ಪಟ್ಟಿ ಇರುವ ಜನರೇಟರನ್ನೇ ಕೊಳ್ಳುವುದು. ಗುಜರಿಯಿಂದ ತಂದು ಬಣ್ಣ ಬಳಿದದ್ದರಲ್ಲಿ ಅದು ಸಿಗುವುದಿಲ್ಲ.

ಸೌರ ಫಲಕದವರಿಗೆ

ಫಲಕ ಮತ್ತು ಬ್ಯಾಟರಿ ಮಾತ್ರ ಇದ್ದು, ಕಂಬದ ತಂತಿಯ ಗೊಡವೆಯೇ ಇಲ್ಲದ ದೀಪ, ಪಂಪುಗಳ ಮಾತು ಬೇರೆ. ಅವುಗಳಿಂದ ಲೈನಿಗೆ ತೊಂದರೆ ಇಲ್ಲ. 2019ರಲ್ಲಿ ಪ್ರಾರಂಭವಾದ ಪಿ.ಎಂ. ಕುಸುಮ್ ಯೋಜನೆಯಲ್ಲಿ ಕೊಟ್ಟ ಸೌರ ಪಂಪುಗಳಲ್ಲಂತೂ ವರದಿಯ ಕೆಲಸವನ್ನು ಯಂತ್ರವೇ ಮಾಡುತ್ತದೆ. ನಿಯಂತ್ರಕದ ಪೆಟ್ಟಿಗೆಯೊಳಗೆ ದೂರದಿಂದಲೇ ನಿಗಾ ಇಡುವ ಸಾಧನ ಇರುತ್ತದೆ. ಪಂಪು ಎಷ್ಟು ಓಡಿತು, ಎಷ್ಟು ವಿದ್ಯುತ್ ತಯಾರಾಯಿತು ಎಂಬ ಲೆಕ್ಕ ಅದರಿಂದ ತಾನಾಗಿ ಹೋಗುತ್ತದೆ. 'ನಮ್ಮನ್ನು ಕಾಯುವ ಯಂತ್ರ' ಎಂದು ಅದರ ವಯರು ಕಿತ್ತವರನ್ನು ಕಂಡಿದ್ದೇನೆ. ಕೀಳಬೇಡಿ. ಪಂಪು ಕೆಟ್ಟಾಗ ಕಂಪೆನಿಯವರು 'ನಮಗೆ ಗೊತ್ತೇ ಆಗಲಿಲ್ಲ' ಎನ್ನದಂತೆ ಕಟ್ಟಿಹಾಕುವ ಸಾಕ್ಷಿ ಅದೇ.

ಆದರೆ ಕಂಬದ ಲೈನಿಗೆ ಜೋಡಿಸುವ ಫಲಕವಾದರೆ ಅರ್ಜಿ ಇಲ್ಲದೆ ಒಂದು ಹೆಜ್ಜೆಯನ್ನೂ ಇಡಬಾರದು. ಇದರಲ್ಲಿ ನಿಮ್ಮ ಹಿತವೇ ಇದೆ. ಕೆಲವರು ಪೇಟೆಯಿಂದ ಇನ್ವರ್ಟರು ತಂದು, ಯಾರಿಗೂ ಹೇಳದೆ ಮನೆಯ ವೈರಿಂಗಿಗೆ ಸೇರಿಸಿ, 'ಮೀಟರು ಹಿಂದಕ್ಕೆ ತಿರುಗುತ್ತದೆ' ಎಂದು ಕಾದರು. ಹಳೆಯ ಚಕ್ರದ ಮೀಟರು ಹಿಂದಕ್ಕೆ ತಿರುಗೀತು. ಈಗಿನ ಎಲೆಕ್ಟ್ರಾನಿಕ್ ಮೀಟರುಗಳಲ್ಲಿ ಹೆಚ್ಚಿನವು ಕರೆಂಟು ಯಾವ ದಿಕ್ಕಿಗೆ ಹರಿದರೂ ಮುಂದಕ್ಕೇ ಎಣಿಸುತ್ತವೆ. ಕಳ್ಳತನ ತಡೆಯಲು ಹಾಗೆ ಮಾಡಿದ್ದಾರೆ. ನೀವು ಲೈನಿಗೆ ಕೊಟ್ಟ ಯೂನಿಟ್ಟೂ ನೀವೇ ಬಳಸಿದಂತೆ ಬಿಲ್ಲಿಗೆ ಸೇರುತ್ತದೆ! ಕೊಟ್ಟದ್ದು, ತೆಗೆದುಕೊಂಡದ್ದು ಎರಡನ್ನೂ ಬೇರೆಬೇರೆಯಾಗಿ ಎಣಿಸುವ ಮೀಟರನ್ನು ಎಸ್ಕಾಂ ಒಪ್ಪಿ ಜೋಡಿಸಿದ ಮೇಲೆಯೇ ನಿಮ್ಮ ಯೂನಿಟ್ಟಿಗೆ ಬೆಲೆ. ಆ ಮೇಲೆ ಪ್ರತಿ ತಿಂಗಳ ಬಿಲ್ಲೇ ನಿಮ್ಮ ವರದಿ. ಬೇರೆ ನಮೂನೆ ತುಂಬುವ ಕೆಲಸವಿಲ್ಲ.

ಅರ್ಜಿಯ ದಾರಿ ಈಗ ಮೊದಲಿನಷ್ಟು ಮುಳ್ಳಿನದಾಗಿಲ್ಲ. ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳಿಗೆ 2024ರಲ್ಲಿ ಮಾಡಿದ ತಿದ್ದುಪಡಿಯಂತೆ, 10 ಕಿಲೋವ್ಯಾಟ್‌ವರೆಗಿನ ಚಾವಣಿ ಸೌರ ಘಟಕಕ್ಕೆ ಸಲ್ಲಿಸಿದ ಸರಿಯಾದ ಅರ್ಜಿಯನ್ನು ತಾಂತ್ರಿಕ ಪರಿಶೀಲನೆ ಇಲ್ಲದೆಯೇ ಒಪ್ಪಿದಂತೆ ಭಾವಿಸತಕ್ಕದ್ದು. ಅದಕ್ಕಿಂತ ದೊಡ್ಡದಾದರೆ 15 ದಿನಗಳೊಳಗೆ ಪರಿಶೀಲನೆ ಮುಗಿಯಬೇಕು. 2024ರ ಫೆಬ್ರವರಿಯಲ್ಲಿ ಘೋಷಣೆಯಾದ ಪಿ.ಎಂ. ಸೂರ್ಯ ಘರ್ ಯೋಜನೆಯಲ್ಲಿ ಮನೆಗಳಿಗೆ 1 ಕಿಲೋವ್ಯಾಟಿಗೆ 30,000 ರೂಪಾಯಿ, 2ಕ್ಕೆ 60,000, 3 ಮತ್ತು ಮೇಲ್ಪಟ್ಟದ್ದಕ್ಕೆ 78,000 ರೂಪಾಯಿ ಸಹಾಯಧನ ನಿಗದಿಯಾಯಿತು. ಈ ಹಣ ಮೊದಲೇ ಕೈಗೆ ಬರುವುದಿಲ್ಲ. ಫಲಕ ಕೂರಿಸಿ, ಮೀಟರು ಜೋಡಿಸಿ, ಎಸ್ಕಾಂನವರು ಚಾಲನಾ ವರದಿ ಕೊಟ್ಟ ನಂತರವೇ ಬ್ಯಾಂಕಿನ ಖಾತೆಗೆ ಜಮಾ ಆಗುತ್ತದೆ. ವರದಿ ಇಲ್ಲದೆ ಸಹಾಯಧನವಿಲ್ಲ. ಅರ್ಜಿ ಹಾಕುವ ಮೊದಲು ಆ ವರ್ಷದ ಮೊತ್ತ ಮತ್ತು ಅವಧಿಯನ್ನು ಶಾಖಾ ಕಚೇರಿಯಲ್ಲಿ ಖಚಿತಪಡಿಸಿಕೊಳ್ಳಿ.

ಫಲಕ ಹಾಕಿಸಿದವರು ಮೊದಲ ಮಳೆಗಾಲದಲ್ಲಿ ಹೇಳುವ ದೂರು ಒಂದೇ: 'ಬಿಸಿಲು ಚೆನ್ನಾಗಿದೆ, ಕರೆಂಟು ಹೋದಾಗ ನಮ್ಮ ಫಲಕವೂ ನಿಂತುಬಿಡುತ್ತದಲ್ಲ, ಮೋಸ ಹೋದೆವೇ?' ಇಲ್ಲ. ಲೈನಿನಲ್ಲಿ ಕರೆಂಟು ಹೋದ ಕೂಡಲೇ, ಎರಡು ಸೆಕೆಂಡಿನೊಳಗೆ, ಅಂಥ ಇನ್ವರ್ಟರು ತಾನಾಗಿ ಬಿಟ್ಟುಕೊಳ್ಳಬೇಕು ಎಂಬುದು ನಿಯಮ. ಕಂಬದ ಮೇಲಿನ ಮನುಷ್ಯನಿಗಾಗಿ ಮಾಡಿದ ಏರ್ಪಾಡು ಅದು. ಇದನ್ನು ಪರೀಕ್ಷಿಸಲು ಭಾರತೀಯ ಮಾನಕ ಐ.ಎಸ್. 16169 ಇದೆ. ಕೊಳ್ಳುವಾಗ ಈ ಸಂಖ್ಯೆಯನ್ನು ಕೇಳಿ. ಕತ್ತಲಲ್ಲೂ ದೀಪ ಬೇಕೆನ್ನುವವರು ಬ್ಯಾಟರಿ ಸೇರಿಸಿದ, ಲೈನಿನಿಂದ ತಾನೇ ಬೇರ್ಪಟ್ಟು ಮನೆಗೆ ಮಾತ್ರ ಕರೆಂಟು ಕೊಡುವ ಇನ್ವರ್ಟರನ್ನು ಕೇಳಬೇಕು. ಅದನ್ನೂ ಅರ್ಜಿಯಲ್ಲಿ ಬರೆಯಬೇಕು.

ಲೆಕ್ಕ ಇಟ್ಟು ಲಾಭ ಪಡೆದವರು

ಗುಜರಾತಿನ ಖೇಡಾ ಜಿಲ್ಲೆಯ ಢುಂಡಿ ಎಂಬ ಹಳ್ಳಿಯ ಆರು ಮಂದಿ ರೈತರು ಸೌರ ಪಂಪು ಹಾಕಿಸಿಕೊಂಡು, 2016ರಲ್ಲಿ ಸಹಕಾರ ಸಂಘದ ಮೂಲಕ ವಿದ್ಯುತ್ ಕಂಪೆನಿಯೊಡನೆ 25 ವರ್ಷದ ಕರಾರು ಮಾಡಿಕೊಂಡರು. ನೀರೆತ್ತಿ ಉಳಿದ ಕರೆಂಟಿಗೆ ಯೂನಿಟ್ಟಿಗೆ 4 ರೂಪಾಯಿ 63 ಪೈಸೆ. ಎಲ್ಲರ ಪಂಪುಗಳ ವಿದ್ಯುತ್ತೂ ಒಂದೇ ಜಾಗದಲ್ಲಿ ಲೈನಿಗೆ ಸೇರುತ್ತದೆ; ಅಲ್ಲಿರುವ ಮೀಟರಿನ ಲೆಕ್ಕದಂತೆ ಹಣ ಸಂಘಕ್ಕೆ ಬರುತ್ತದೆ. ನಮ್ಮ ಹಾಲಿನ ಸೊಸೈಟಿಯ ಲೆಕ್ಕವನ್ನೇ ಹೋಲುವ ವ್ಯವಸ್ಥೆ. ಹಾಲಿನ ಅಳತೆಗೂ ಕೊಬ್ಬಿನ ಲೆಕ್ಕಕ್ಕೂ ದಿನವೂ ಸಾಲಿನಲ್ಲಿ ನಿಲ್ಲುವ ನಾವು ಕರೆಂಟಿನ ಅಳತೆಗೆ ಮಾತ್ರ ಏಕೆ ಹಿಂಜರಿಯಬೇಕು? ಬಂಜರು ಜಮೀನು ಹೆಚ್ಚಿಗೆ ಇರುವವರಿಗೆ ಕುಸುಮ್ ಯೋಜನೆಯ ಮೊದಲ ಘಟಕದಲ್ಲಿ 500 ಕಿಲೋವ್ಯಾಟಿನಿಂದ 2 ಮೆಗಾವ್ಯಾಟ್‌ವರೆಗೆ ಸ್ಥಾವರ ಹಾಕಿ ವಿದ್ಯುತ್ ಮಾರಲು ಅವಕಾಶ ಮಾಡಿದ್ದರು. ಅಷ್ಟು ದೊಡ್ಡದಕ್ಕೆ ಕಾಗದ ಪತ್ರವೂ ಅಷ್ಟೇ ದೊಡ್ಡದು. ಅದು ಈ ಲೇಖನದ ವ್ಯಾಪ್ತಿಯಲ್ಲ.

ಹಳ್ಳದ ಕರೆಂಟು

ನಮ್ಮ ಭಾಗದ ತೋಟದವರಿಗೆ ಪ್ರಿಯವಾದದ್ದು ಇದು. ಲೆಕ್ಕ ಸುಲಭ. ಸೆಕೆಂಡಿಗೆ 10 ಲೀಟರ್ ನೀರು 20 ಮೀಟರ್ ಎತ್ತರದಿಂದ ಇಳಿದರೆ ಅದರಲ್ಲಿರುವ ಶಕ್ತಿ ಸುಮಾರು 1960 ವ್ಯಾಟ್. ಪೈಪು, ಟರ್ಬೈನು, ಆಲ್ಟರ್ನೇಟರುಗಳಲ್ಲಿ ಅರ್ಧ ಹೋದರೂ ಹತ್ತಿರ ಹತ್ತಿರ 1 ಕಿಲೋವ್ಯಾಟ್ ಕೈಗೆ ಸಿಗುತ್ತದೆ. ರಾತ್ರಿ ಹಗಲು ನಿಲ್ಲದೆ ಓಡಿದರೆ ದಿನಕ್ಕೆ 24 ಯೂನಿಟ್. ಅಷ್ಟೇ ಸಾಮರ್ಥ್ಯದ ಸೌರ ಫಲಕದಿಂದ ಸರಾಸರಿ 4 ಯೂನಿಟ್ ಬಂದರೆ ಹೆಚ್ಚು. ಮನೆಯಲ್ಲಿ ದೀಪ ಆರಿಸಿದಾಗ ಟರ್ಬೈನು ಹುಚ್ಚು ವೇಗದಲ್ಲಿ ತಿರುಗದಂತೆ, ಮಿಕ್ಕ ಕರೆಂಟನ್ನು ಒಂದು ಹೀಟರಿಗೆ ಕಳಿಸುವ ನಿಯಂತ್ರಕ ಇರುತ್ತದೆ. ಆ ಹೀಟರನ್ನು ಬಚ್ಚಲು ಹಂಡೆಯಲ್ಲಿ ಇಳಿಬಿಟ್ಟು, ಸೌದೆ ಇಲ್ಲದೆ ಮೂರು ಹೊತ್ತೂ ಬಿಸಿನೀರು ಮಾಡಿಕೊಂಡ ಜಾಣರು ನಮ್ಮಲ್ಲಿದ್ದಾರೆ.

ಇಲ್ಲಿಯೂ ಕಂಬದ ಲೈನು ಮತ್ತು ಹಳ್ಳದ ಲೈನು ಎರಡೂ ಇರುವ ಮನೆಯಾದರೆ ಚೇಂಜ್ ಓವರ್ ಕಡ್ಡಾಯ. ಶಾಖಾ ಕಚೇರಿಗೆ ಪತ್ರವೂ ಬೇಕು. ಅದಕ್ಕಿಂತ ಮುಖ್ಯವಾದದ್ದು ನೀರು ತಿರುಗಿಸುವ ಜಾಗ. ಪೈಪಿನ ಬಾಯಿ ನಿಮ್ಮ ಪಟ್ಟಾ ಜಮೀನಿನಲ್ಲಿದ್ದರೆ ಸರಿ. ಮೇಲೆ ಕಾಡಿನೊಳಗೆ ಇದ್ದರೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಒಂದು ಕಲ್ಲನ್ನೂ ಕದಲಿಸಬೇಡಿ. ಕೆಳಗಿನ ತೋಟದವರಿಗೂ ಮೊದಲೇ ಹೇಳಿ. ಟರ್ಬೈನಿನಿಂದ ಹೊರಬಿದ್ದ ನೀರು ಮತ್ತೆ ಹಳ್ಳಕ್ಕೇ ಸೇರುವುದಾದರೂ, ನಡುವಿನ ಒಂದಿಷ್ಟು ದೂರ ಹಳ್ಳ ಬತ್ತಿದಂತೆ ಕಾಣುತ್ತದೆ. ಜಗಳ ಹುಟ್ಟುವುದು ಅಷ್ಟಕ್ಕೇ.

ದೆಹಲಿಯ ಲೆಕ್ಕದಲ್ಲಿ ನಾವಿಲ್ಲ

2003ರ ಕಾಯಿದೆಯ 74ನೆಯ ಕಲಮು ಒಂದು ಮಾತು ಹೇಳುತ್ತದೆ. ಲೈಸೆನ್ಸುದಾರರು, ಉತ್ಪಾದನಾ ಕಂಪೆನಿಗಳು ಮಾತ್ರವಲ್ಲ, ಸ್ವಂತ ಬಳಕೆಗೆ ವಿದ್ಯುತ್ ತಯಾರಿಸುವ ವ್ಯಕ್ತಿಯೂ ಕೇಂದ್ರ ವಿದ್ಯುತ್ ಪ್ರಾಧಿಕಾರವು ಕೇಳಿದ ಅಂಕಿ ಅಂಶಗಳನ್ನು, ಕೇಳಿದ ನಮೂನೆಯಲ್ಲಿ ಒದಗಿಸಬೇಕು. ಇದಕ್ಕಾಗಿ 2007ರಲ್ಲಿ ಪ್ರತ್ಯೇಕ ವಿನಿಯಮಗಳೂ ಬಂದವು. ಕಾಯಿದೆಯ ಮಾತಿಗೆ ಚಿಕ್ಕವರು ದೊಡ್ಡವರೆಂಬ ಭೇದವಿಲ್ಲ. ಆದರೆ ವಾಡಿಕೆಯಲ್ಲಿ ಈ ಲೆಕ್ಕವನ್ನು ಪಡೆಯುವುದು ದೊಡ್ಡ ಕಾರ್ಖಾನೆಗಳಿಂದ.

ಹೀಗಾಗಿ ಸಕ್ಕರೆ ಕಾರ್ಖಾನೆಯ ವಿದ್ಯುತ್ತು ದೇಶದ ಪುಸ್ತಕದಲ್ಲಿದೆ, ನಿಮ್ಮ ಕೊಟ್ಟಿಗೆಯ ಹಿಂದಿನ ಜನರೇಟರು ಇಲ್ಲ. ಇದರಿಂದ ನಮಗೇ ನಷ್ಟ ಎಂಬುದು ನನ್ನ ಅಭಿಪ್ರಾಯ. ಒಂದು ಲೀಟರ್ ಡೀಸೆಲ್ಲಿಗೆ ಹೆಚ್ಚೆಂದರೆ ಸುಮಾರು 3 ಯೂನಿಟ್ ಕರೆಂಟು. ಆ ದುಬಾರಿ ಕರೆಂಟನ್ನು ನೀವು ಸುಡುವುದು ಲೈನು ಕೈಕೊಟ್ಟಾಗ. ಒಂದು ಫೀಡರಿನ ಮೇಲೆ ಎಷ್ಟು ಮನೆಯವರು ಎಷ್ಟು ಗಂಟೆ ಜನರೇಟರು ಓಡಿಸಿದರು ಎಂಬುದು ಬರಹದಲ್ಲಿದ್ದರೆ, ಹೊಸ ಟಿ.ಸಿ. ಕೇಳಲು, ಹಳೆಯ ತಂತಿ ಬದಲಿಸಲು ಅದಕ್ಕಿಂತ ಗಟ್ಟಿ ಕಾರಣ ಬೇಕೇ? ಎಲ್ಲರೂ ತಮ್ಮ ತಮ್ಮ ಜನರೇಟರು ಹಾಕಿಕೊಂಡು ಸುಮ್ಮನಾದರೆ, 'ಆ ಊರಿನಿಂದ ದೂರೇ ಇಲ್ಲ' ಎಂದು ಕಚೇರಿಯವರು ತಿಳಿದರೆ ಅವರದು ತಪ್ಪೆನ್ನಲಾಗದು. ನೂರು ಪುಟದ ಒಂದು ನೋಟ್ ಬುಕ್ಕು ತನ್ನಿ. ತಾರೀಖು, ಕರೆಂಟು ಹೋದ ಹೊತ್ತು, ಬಂದ ಹೊತ್ತು, ಜನರೇಟರು ಓಡಿದ ಗಂಟೆ, ಸುರಿದ ಡೀಸೆಲ್ಲು, ಇಷ್ಟನ್ನು ಬರೆದಿಡಿ. ನಾಲ್ಕೈದು ಮನೆಯವರು ಸೇರಿ ಒಂದು ಮಳೆಗಾಲ ಬರೆದರೆ ಸಾಕು, ಅರ್ಜಿಯ ಜೊತೆ ಲಗತ್ತಿಸಲು ದಾಖಲೆ ಸಿದ್ಧವಾಗುತ್ತದೆ.

ಅಪಘಾತವಾದರೆ 24 ಗಂಟೆ

ಈ ವರದಿಯನ್ನು ಯಾರೂ ಬಯಸುವುದಿಲ್ಲ, ಆದರೆ ತಿಳಿದಿರಬೇಕು. ಕಾಯಿದೆಯ 161ನೆಯ ಕಲಮಿನಂತೆ, ಯಾವುದೇ ವ್ಯಕ್ತಿಯ ವಿದ್ಯುತ್ ಸ್ಥಾವರ ಅಥವಾ ತಂತಿಯಿಂದ ಮನುಷ್ಯರಿಗಾಗಲಿ ಪ್ರಾಣಿಗಳಿಗಾಗಲಿ ಸಾವು ಅಥವಾ ಗಾಯವಾದರೆ, ಆ ವ್ಯಕ್ತಿಯು ವಿದ್ಯುತ್ ಪರಿವೀಕ್ಷಕರಿಗೆ ತಿಳಿಸತಕ್ಕದ್ದು. 2005ರ ನಿಯಮದಂತೆ ಸಾವು ಸಂಭವಿಸಿದ್ದರೆ ವಿಷಯ ತಿಳಿದ 24 ಗಂಟೆಗಳೊಳಗೆ ಸುದ್ದಿ ಮುಟ್ಟಿಸಿ, 48 ಗಂಟೆಗಳೊಳಗೆ ನಿಗದಿತ ನಮೂನೆಯಲ್ಲಿ ಬರೆದು ಕಳಿಸಬೇಕು.

'ಪ್ರಾಣಿ' ಎಂಬ ಪದವನ್ನು ಗಮನಿಸಿ. ನಿಮ್ಮ ಜನರೇಟರಿನ ವಯರು ತುಳಿದು ನೆರೆಯವರ ಎಮ್ಮೆ ಸತ್ತರೂ ಇದು ಅನ್ವಯಿಸುತ್ತದೆ. ಕಂಬದ ತಂತಿ ಬಿದ್ದು ನಿಮ್ಮ ಹಸು ಸತ್ತರೆ ತಿಳಿಸುವ ಹೊಣೆ ಎಸ್ಕಾಂನದು. ಆದರೂ ನೀವೇ ಪರಿವೀಕ್ಷಕರಿಗೂ ಪಶುವೈದ್ಯರಿಗೂ ತಿಳಿಸಿ. ಪರಿಹಾರದ ಅರ್ಜಿಗೆ ಮರಣೋತ್ತರ ಪರೀಕ್ಷೆಯ ವರದಿಯೂ ಪರಿವೀಕ್ಷಕರ ವರದಿಯೂ ಜೀವಾಳ. ಹೆಣವನ್ನು ಹೂತ ಮೇಲೆ ಓಡಾಡಿ ಪ್ರಯೋಜನವಿಲ್ಲ. ನಿಮ್ಮ ಮನೆಯಲ್ಲಿ ಜನರೇಟರು ಇದ್ದು ಅದು ದಾಖಲೆಯಲ್ಲಿ ಇಲ್ಲದಿದ್ದರೆ, 'ಸತ್ತದ್ದು ನಿಮ್ಮ ಕರೆಂಟಿನಿಂದಲೇ ಇರಬಹುದು' ಎಂಬ ಪ್ರಶ್ನೆ ಏಳುತ್ತದೆ. ಚೇಂಜ್ ಓವರ್ ಇದೆ, ಪತ್ರ ಕೊಟ್ಟಾಗಿದೆ ಎಂದು ತೋರಿಸಬಲ್ಲವರು ಆ ಪ್ರಶ್ನೆಗೆ ತಲೆ ತಗ್ಗಿಸಬೇಕಾಗಿಲ್ಲ.

ಪತ್ರ ಬರೆಯುವ ಬಗೆ

ಶಾಖಾಧಿಕಾರಿಯವರ ಹೆಸರಿಗೆ ಬಿಳಿ ಹಾಳೆಯ ಮೇಲೆ ಕನ್ನಡದಲ್ಲೇ ಬರೆಯಿರಿ. ನಿಮ್ಮ ಹೆಸರು, ಊರು, ಆರ್.ಆರ್. ನಂಬರು, ನಿಮ್ಮ ಮನೆಗೆ ಕರೆಂಟು ಬರುವ ಟಿ.ಸಿ.ಯ ಗುರುತು. ಜನರೇಟರೋ, ಸೌರವೋ, ಹಳ್ಳದ್ದೋ, ಎಷ್ಟು ಕೆ.ವಿ.ಎ. ಅಥವಾ ಕಿಲೋವ್ಯಾಟ್, ಸಿಂಗಲ್ ಫೇಸೋ ತ್ರೀ ಫೇಸೋ. ಚೇಂಜ್ ಓವರ್ ಹಾಕಿಸಿದ ದಿನ, ಕೆಲಸ ಮಾಡಿದ ಗುತ್ತಿಗೆದಾರರ ಹೆಸರು ಮತ್ತು ಪರವಾನಗಿ ಸಂಖ್ಯೆ. ರಾತ್ರಿ ಹೊತ್ತು ಸಿಗುವ ಫೋನ್ ನಂಬರು. ಕೊನೆಗೆ ಒಂದು ವಾಕ್ಯ: 'ಈ ವಿಷಯವನ್ನು ನಮ್ಮ ಭಾಗದ ಲೈನ್‌ಮನ್ ಅವರ ಗಮನಕ್ಕೆ ತಂದು ದಾಖಲಿಸಬೇಕಾಗಿ ಕೋರುತ್ತೇನೆ.' ಜನರೇಟರು ಮಾರಿದರೂ, ದೊಡ್ಡದು ತಂದರೂ, ಫಲಕ ಹೆಚ್ಚಿಸಿದರೂ ಮತ್ತೊಂದು ಪತ್ರ ಬೇಕು.

ನಾನು ಹೇಳಿದ ಆ ಮನೆಯವರು ಅದೇ ವಾರ ಚೇಂಜ್ ಓವರ್ ಹಾಕಿಸಿ ಪತ್ರ ಕೊಟ್ಟರು. ಈಗ ಗಾಳಿ ಮಳೆಯ ರಾತ್ರಿ ಕಂಬ ಹತ್ತುವ ಮೊದಲು ಲೈನ್‌ಮನ್ ಅವರಿಗೆ ಫೋನು ಮಾಡುತ್ತಾರೆ: 'ಅಣ್ಣಾ, ಹಿಡಿ ಯಾವ ಕಡೆಗಿದೆ, ಒಮ್ಮೆ ನೋಡಿ ಹೇಳಿ.'

ಪತ್ರಕ್ಕೆ ಎರಡು ಪ್ರತಿ ಮಾಡಿ. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಕಚೇರಿಯ ಮೊಹರು, ತಾರೀಖು, ಸಹಿ ಹಾಕಿಸಿಕೊಳ್ಳಿ. 'ಆಮೇಲೆ ಹಾಕೋಣ' ಎಂದರೆ ಅಲ್ಲೇ ಕುಳಿತುಕೊಳ್ಳಿ. ಶಾಖಾಧಿಕಾರಿಗಳು ಲೈನಿನ ಮೇಲೆ ಹೋಗಿದ್ದರೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀತಿ ಇಟ್ಟುಕೊಳ್ಳಬಹುದು. ಮೊಹರು ಬಿದ್ದ ಪ್ರತಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಮೀಟರ್ ಬೋರ್ಡಿನ ಪಕ್ಕ ಮೊಳೆ ಹೊಡೆದು ತೂಗುಹಾಕಿ. ಟ್ರಂಕಿನ ತಳದಲ್ಲಿಟ್ಟರೆ ಬೇಕಾದಾಗ ಕೈಗೆ ಸಿಗುವುದಿಲ್ಲ, ನಮ್ಮ ಕಡೆಯ ಮಳೆಗಾಲಕ್ಕೆ ಗೆದ್ದಲೂ ಬಿಡುವುದಿಲ್ಲ.